ಎದುರಾಗದ ತಂಡಗಳಿಗೆ ಸ್ಥಾನ ಕೊಡುವ ಲೆಕ್ಕ

ಓಟದ ಸ್ಪರ್ಧೆಯಲ್ಲಿ ಹೆಚ್ಚುಕಡಿಮೆಯನ್ನು ಗಡಿಯಾರವೇ ಹೇಳುತ್ತದೆ. ಬೆಟಗೇರಿಯ ಓಟಗಾರನೂ ಬೆಂಗಳೂರಿನ ಓಟಗಾರನೂ ಒಬ್ಬರನ್ನೊಬ್ಬರು ಕಾಣದೆಯೇ ನೂರು ಮೀಟರು ಓಡಿ, ತಮ್ಮಲ್ಲಿ ಯಾರು ವೇಗಿಗಳೆಂಬುದನ್ನು ತಿಳಿದುಕೊಳ್ಳಬಹುದು. ಬ್ಯಾಸ್ಕೆಟ್‌ಬಾಲ್, ಕಬಡ್ಡಿ, ಹಾಕಿಗಳಂಥ ಆಟಗಳಲ್ಲಿ ಇಂಥ ಅನುಕೂಲವಿಲ್ಲ. ಅಲ್ಲಿ ಒಂದು ತಂಡದ ಬಲವನ್ನು ಅಳೆಯುವ ಕೋಲೆಂದರೆ ಇನ್ನೊಂದು ತಂಡ. ಆ ಕೋಲಿನ ಉದ್ದವೆಷ್ಟು ಎಂದು ಕೇಳಿದರೆ ಅದನ್ನು ಅಳೆಯುವುದಕ್ಕೆ ಮೂರನೆಯ ತಂಡ ಬೇಕು, ಮೂರನೆಯದಕ್ಕೆ ನಾಲ್ಕನೆಯದು. ಜಾತ್ರೆಯ ಕುಸ್ತಿಯಲ್ಲಿ ಜೋಡಿ ಹಾಕುವ ಹಿರಿಯರು ಈ ತೊಡಕನ್ನು ಅನುಭವದಿಂದಲೇ ಬಿಡಿಸುತ್ತಾರೆ. ಯಾವ ಪೈಲವಾನನು ಯಾರನ್ನು ಕೆಡವಿದ್ದಾನೆ, ಕೆಡವಿಸಿಕೊಂಡವನು ಯಾರನ್ನು ಕೆಡವಿದ್ದಾನೆ ಎಂಬುದೆಲ್ಲ ಅವರ ನೆನಪಿನಲ್ಲಿರುತ್ತದೆ. ತಂಡಗಳು ನೂರಾರಾಗಿ, ಊರುಗಳು ಸಾವಿರಾರು ಮೈಲಿ ದೂರದಲ್ಲಿದ್ದರೆ ನೆನಪು ಸಾಲದು, ಗಣಿತವನ್ನು ಕರೆಯಬೇಕಾಗುತ್ತದೆ.

ಈ ಗಣಿತವು ಅತ್ಯಂತ ಬಿರುಸಿನ ವಾದಕ್ಕೆ ಗುರಿಯಾಗಿರುವುದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ. ಅಲ್ಲಿ ಮೊದಲನೆಯ ದರ್ಜೆಯ ಆಟಕ್ಕೆ ಸೇರಿದ ಕಾಲೇಜುಗಳು ಮುನ್ನೂರೈವತ್ತಕ್ಕೂ ಹೆಚ್ಚು. ಒಂದು ಋತುವಿನಲ್ಲಿ ಒಂದೊಂದು ತಂಡವೂ ಆಡುವುದು ಸುಮಾರು ಮೂವತ್ತು ಪಂದ್ಯಗಳನ್ನು ಮಾತ್ರ. ಎಲ್ಲರೂ ಎಲ್ಲರೊಡನೆ ಆಡುವುದು ಆಗದ ಮಾತು. ಆದುದರಿಂದ ಕಾಲೇಜುಗಳು ಕೂಟಗಳಾಗಿ ಸೇರಿಕೊಂಡಿವೆ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಹೊರಗಿನವರೊಡನೆ ಕೆಲವು ಪಂದ್ಯಗಳಾಗುತ್ತವೆ. ಹೊಸ ವರ್ಷ ಹುಟ್ಟಿದ ಮೇಲೆ ಬಹುಮಟ್ಟಿಗೆ ಕೂಟದೊಳಗಿನ ಆಟವೇ. ಹಣವೂ ಹೆಸರೂ ಇರುವ ನಾಲ್ಕೈದು ದೊಡ್ಡ ಕೂಟಗಳನ್ನು ಬಿಟ್ಟು ಉಳಿದವುಗಳಲ್ಲಿನ ಗಟ್ಟಿ ತಂಡಗಳಿಗೆ ಅಲ್ಲಿಯ ಜನ ‘ಮಿಡ್-ಮೇಜರ್’ ಎನ್ನುತ್ತಾರೆ; ನಡುತರದ ದೊಡ್ಡವರು ಎಂದು ಅರ್ಥಮಾಡಿಕೊಳ್ಳಬಹುದು. ಋತುವಿನ ಕೊನೆಗೆ ರಾಷ್ಟ್ರೀಯ ಪಂದ್ಯಾವಳಿ. ೨೦೨೫ರಲ್ಲಿ ಅದರಲ್ಲಿ ೬೮ ತಂಡಗಳಿದ್ದವು. ೩೧ ತಂಡಗಳು ತಮ್ಮ ತಮ್ಮ ಕೂಟವನ್ನು ಗೆದ್ದು ನೇರವಾಗಿ ಬಂದವು, ಉಳಿದ ೩೭ನ್ನು ಒಂದು ಸಮಿತಿ ಆರಿಸಿತು. ಆ ಮೂವತ್ತೇಳರಲ್ಲಿ ಮಿಡ್-ಮೇಜರುಗಳಿಗೆ ಎಷ್ಟು ಪಾಲು ಎಂಬುದೇ ಜಗಳ.

೧೯೪೯ರಿಂದ ಪತ್ರಿಕಾ ವರದಿಗಾರರು ಮತ ಹಾಕಿ ಉತ್ತಮ ತಂಡಗಳ ಪಟ್ಟಿಯೊಂದನ್ನು ಮಾಡುತ್ತ ಬಂದಿದ್ದಾರೆ. ಮನುಷ್ಯನು ಕಂಡದ್ದಕ್ಕೆ ಮತ ಹಾಕುತ್ತಾನೆ. ದೊಡ್ಡ ಕೂಟದ ಆಟ ಕಣ್ಣಿಗೆ ಬೀಳುವಷ್ಟು ಸಣ್ಣ ಕೂಟದ ಆಟ ಬೀಳದು. ಈ ದೋಷವನ್ನು ಕಳೆಯಬೇಕೆಂದು ೧೯೮೧ರಲ್ಲಿ ಒಂದು ಸೂತ್ರವನ್ನು ಬಳಕೆಗೆ ತಂದರು. ಅದರ ಹೆಸರು ರೇಟಿಂಗ್ ಪರ್ಸೆಂಟೇಜ್ ಇಂಡೆಕ್ಸ್. ನಾವು ಇಲ್ಲಿ ಸೂಚ್ಯಂಕ ಎನ್ನೋಣ. ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಕಾಲು ಪಾಲು, ಅದರ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಅರ್ಧ ಪಾಲು, ಎದುರಾಳಿಗಳ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಉಳಿದ ಕಾಲು ಪಾಲು ಕೊಟ್ಟು ಕೂಡಿಸಿದರೆ ಸೂಚ್ಯಂಕ ಬರುತ್ತದೆ. ಎದುರಾಳಿಯ ಪ್ರಮಾಣವನ್ನು ಎಣಿಸುವಾಗ ಅದು ನಮ್ಮೊಡನೆಯೇ ಆಡಿದ ಪಂದ್ಯಗಳನ್ನು ಬಿಟ್ಟುಬಿಡಬೇಕು. ಇಲ್ಲವಾದರೆ ನಾವು ಅವರನ್ನು ಸೋಲಿಸಿದ್ದೇ ನಮಗೆ ಕುಂದಾಗುತ್ತದೆ.

ಸೂತ್ರ ನೋಡುವುದಕ್ಕೆ ನ್ಯಾಯವಾಗಿದೆ. ಅದು ನಡೆದುಕೊಳ್ಳುವ ರೀತಿಯನ್ನು ತಿಳಿಯಬೇಕಾದರೆ ನಮ್ಮ ಕಡೆಯ ಊರುಗಳ ಹೆಸರಿನಲ್ಲಿಯೇ ಒಂದು ಲೆಕ್ಕ ಮಾಡಿನೋಡೋಣ. ಪಂದ್ಯಗಳೂ ಫಲಿತಾಂಶಗಳೂ ಕೇವಲ ಊಹೆಯವು. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇವು ನಾಲ್ಕೂ ಒಂದು ಸಣ್ಣ ಕೂಟ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಇವು ದೊಡ್ಡ ಕೂಟ. ಕೂಟದೊಳಗೆ ಪ್ರತಿಯೊಂದು ತಂಡವೂ ಉಳಿದ ಮೂರರೊಡನೆ ಎರಡೆರಡು ಸಲ ಆಡುತ್ತದೆ. ಅಂದರೆ ತಂಡಕ್ಕೆ ಆರು ಪಂದ್ಯ. ಬೆಟಗೇರಿ ಆರನ್ನೂ ಗೆದ್ದಿತು. ಉಳಿದ ಮೂರು ತಂಡಗಳು ತಮ್ಮತಮ್ಮೊಳಗೆ ಒಂದೊಂದು ಗೆದ್ದು ಒಂದೊಂದು ಸೋತವು. ದೊಡ್ಡ ಕೂಟದಲ್ಲಿ ಎಲ್ಲರೂ ಸಮಬಲರು. ಒಬ್ಬೊಬ್ಬರಿಗೂ ಮೂರು ಗೆಲುವು, ಮೂರು ಸೋಲು.

ಈಗ ಸೂಚ್ಯಂಕವನ್ನು ಎಣಿಸಿದರೆ ಬೆಟಗೇರಿಗೆ ೦.೬೨೫, ದೊಡ್ಡ ಕೂಟದ ನಾಲ್ವರಿಗೂ ೦.೫೦೦ ಬರುತ್ತದೆ. ಎದುರಾಳಿಗಳ ಬಲವನ್ನು ತೂಗುವುದಕ್ಕೆಂದೇ ಹುಟ್ಟಿದ ಸೂತ್ರ ಅದನ್ನು ತೂಗಲೇ ಇಲ್ಲ. ಕಾರಣ ಸರಳವಾಗಿದೆ. ಪ್ರತಿ ಪಂದ್ಯದಿಂದ ಹುಟ್ಟುವುದು ಒಂದು ಗೆಲುವು, ಒಂದು ಸೋಲು. ಮುಚ್ಚಿದ ಕೂಟದೊಳಗೆ ಎಷ್ಟು ಗೆಲುವುಗಳಿವೆಯೋ ಅಷ್ಟೇ ಸೋಲುಗಳು. ಕೂಟದ ಸರಾಸರಿ ಯಾವಾಗಲೂ ಅರ್ಧವೇ. ಕೂಟದಲ್ಲಿರುವವರು ಒಲಿಂಪಿಕ್ ಆಟಗಾರರಾಗಲಿ, ಕನ್ನಡ ಶಾಲೆಯ ಮಕ್ಕಳಾಗಲಿ, ಆ ಅರ್ಧ ಅಲುಗುವುದಿಲ್ಲ. ಎರಡು ಕೂಟಗಳ ನಡುವಿನ ವ್ಯತ್ಯಾಸವನ್ನು ತಿಳಿಸಬಲ್ಲವು ಎರಡರ ನಡುವೆ ನಡೆದ ಪಂದ್ಯಗಳು ಮಾತ್ರ. ಅವನ್ನು ಸೇತುವೆಯ ಪಂದ್ಯಗಳೆಂದು ಕರೆಯೋಣ.

ನಾಲ್ಕು ಸೇತುವೆಗಳನ್ನು ಕಟ್ಟೋಣ. ಬೆಟಗೇರಿ ಧಾರವಾಡವನ್ನು ಸೋಲಿಸಿತು. ಆದರೆ ಲಕ್ಷ್ಮೇಶ್ವರವು ಹುಬ್ಬಳ್ಳಿಗೆ, ಶಿರಹಟ್ಟಿಯು ಬೆಳಗಾವಿಗೆ, ಮುಂಡರಗಿಯು ಬೆಂಗಳೂರಿಗೆ ಸೋತವು. ಬೆಟಗೇರಿಗೆ ಈಗ ಏಳಕ್ಕೆ ಏಳು ಗೆಲುವು. ಅದರ ಸೂಚ್ಯಂಕ ಏರಿರಬೇಕಲ್ಲವೆ? ಎಣಿಸಿದರೆ ೦.೫೮೨ ಬರುತ್ತದೆ, ೦.೬೨೫ರಿಂದ ಇಳಿದಿದೆ! ಧಾರವಾಡವನ್ನು ಗೆದ್ದ ಲಾಭಕ್ಕಿಂತ ನೆರೆಯವರು ಮೂವರು ಸೋತ ನಷ್ಟ ಹೆಚ್ಚಾಯಿತು. ಅವರೊಡನೆ ಅದು ಆರು ಪಂದ್ಯಗಳನ್ನು ಆಡಿದೆಯಷ್ಟೆ. ಅವರ ಒಂದೊಂದು ಸೋಲೂ ಅದರ ಲೆಕ್ಕಕ್ಕೆ ಬಂದು ಕೂಡುತ್ತದೆ.

ಇನ್ನೂ ಒಂದು ಸೋಜಿಗವಿದೆ. ಧಾರವಾಡಕ್ಕೆ ಮೂರು ಗೆಲುವು, ನಾಲ್ಕು ಸೋಲು. ಹುಬ್ಬಳ್ಳಿಗೆ ನಾಲ್ಕು ಗೆಲುವು, ಮೂರು ಸೋಲು. ಆದರೂ ಸೂಚ್ಯಂಕ ಧಾರವಾಡಕ್ಕೆ ೦.೫೫೯, ಹುಬ್ಬಳ್ಳಿಗೆ ೦.೫೩೧. ಅಜೇಯವಾದ ಬೆಟಗೇರಿಯ ಕೈಯಲ್ಲಿ ಸೋತದ್ದೇ ಧಾರವಾಡಕ್ಕೆ ಏಣಿಯಾಯಿತು. ದುರ್ಬಲವಾದ ಲಕ್ಷ್ಮೇಶ್ವರವನ್ನು ಗೆದ್ದದ್ದು ಹುಬ್ಬಳ್ಳಿಗೆ ಅಷ್ಟು ಫಲ ಕೊಡಲಿಲ್ಲ. ಯಾರೊಡನೆ ಆಡಿದೆ ಎಂಬುದಕ್ಕೆ ಮುಕ್ಕಾಲು ಪಾಲು ಬೆಲೆ ಕಟ್ಟಿ, ಏನು ಮಾಡಿದೆ ಎಂಬುದಕ್ಕೆ ಕಾಲು ಪಾಲು ಬೆಲೆ ಕಟ್ಟಿದರೆ ಹೀಗಾಗದೆ ಇನ್ನೇನಾದೀತು? ದೊಡ್ಡ ಕೂಟದ ತಂಡಕ್ಕೆ ಬಲಿಷ್ಠರೊಡನೆ ಆಡುವ ಅವಕಾಶ ಮನೆಬಾಗಿಲಿಗೇ ಬರುತ್ತದೆ, ಸೋತರೂ ನಷ್ಟ ಕಡಿಮೆ. ಸಣ್ಣ ಕೂಟದ ತಂಡ ಗೆಲ್ಲುತ್ತಲೇ ಇದ್ದರೂ ಕೆಳಕ್ಕೆ ಜಾರಬಹುದು.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ಕ್ಯಾನ್ಸಸ್ ಸಂಸ್ಥಾನದ ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ತಂಡವು ೨೦೧೩-೧೪ರಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ಕಾಲಿಡುವ ಮುನ್ನ ೩೪ ಪಂದ್ಯಗಳನ್ನಾಡಿ ಮೂವತ್ತನಾಲ್ಕನ್ನೂ ಗೆದ್ದಿತ್ತು. ವರದಿಗಾರರ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ ದೊರೆಯಿತು. ಆದರೂ, ಇವರು ಯಾರನ್ನು ಗೆದ್ದಿದ್ದಾರೆ ಎಂಬ ಪ್ರಶ್ನೆ ಋತುವಿನುದ್ದಕ್ಕೂ ಅದರ ಬೆನ್ನು ಬಿಡಲಿಲ್ಲ. ಪಂದ್ಯಾವಳಿಯ ಎರಡನೆಯ ಆಟದಲ್ಲಿ ಅದು ಕೆಂಟಕಿಗೆ ೭೮-೭೬ರಿಂದ ಸೋತಿತು. ನೋಡಿದಿರಾ ಎಂದರು ಹಳೆಯ ಅನುಮಾನಿಗಳು. ಆದರೆ ಎಂಟನೆಯ ಶ್ರೇಯಾಂಕದ ಆ ಕೆಂಟಕಿಯೇ ಮುಂದೆ ಅಂತಿಮ ಪಂದ್ಯದವರೆಗೂ ಹೋಯಿತು. ಎರಡು ಅಂಕಗಳ ಅಂತರದ ಒಂದು ಸೋಲು ಮೂವತ್ತೈದು ಗೆಲುವುಗಳನ್ನು ಸುಳ್ಳು ಮಾಡಿತೆಂದು ನಮಗೆ ತೋರುವುದಿಲ್ಲ. ಹಿಂದಿನ ವರ್ಷ, ೨೦೧೩ರಲ್ಲಿ, ಗೊಂಜಾಗ ಎಂಬ ಇನ್ನೊಂದು ಸಣ್ಣ ಕೂಟದ ಕಾಲೇಜು ಮೊದಲ ಬಾರಿಗೆ ರಾಷ್ಟ್ರದ ಒಂದನೆಯ ಸ್ಥಾನಕ್ಕೇರಿತ್ತು. ಪಂದ್ಯಾವಳಿಯಲ್ಲಿ ಅದನ್ನು ಕೆಡವಿದ್ದು ಈ ವಿಚಿಟಾ ಸ್ಟೇಟೇ. ಬಟ್ಲರ್ ಎಂಬ ಕಾಲೇಜು ೨೦೧೦ ಮತ್ತು ೨೦೧೧ರಲ್ಲಿ ಸಾಲಾಗಿ ಎರಡು ಸಲ ಅಂತಿಮ ಪಂದ್ಯ ಆಡಿತು. ಮೊದಲ ಸಲ ಡ್ಯೂಕ್ ತಂಡಕ್ಕೆ ೬೧-೫೯ರಿಂದ ಸೋತಿತು.

ಹಾಗಾದರೆ ಸೇತುವೆಯ ಪಂದ್ಯಗಳನ್ನು ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ಇಲ್ಲಿ ಗಣಿತ ನಿಂತು ವ್ಯವಹಾರ ಮೊದಲಾಗುತ್ತದೆ. ದೊಡ್ಡ ತಂಡ ಸಣ್ಣ ಊರಿಗೆ ಹೋಗಿ ಆಡಿದರೆ ಗೆದ್ದು ಪಡೆಯುವುದು ಅಲ್ಪ, ಸೋತು ಕಳೆದುಕೊಳ್ಳುವುದು ಬಹಳ. ಆದುದರಿಂದ ಅದು ಹೋಗುವುದಿಲ್ಲ. ಹಣ ಕೊಟ್ಟು ಸಣ್ಣ ತಂಡವನ್ನೇ ತನ್ನಲ್ಲಿಗೆ ಕರೆಸುತ್ತದೆ. ತನ್ನ ಅಂಗಳ, ತನ್ನ ಪ್ರೇಕ್ಷಕರು, ಪ್ರಯಾಣದ ಆಯಾಸವಿಲ್ಲ. ಅಂಗಳದ ಬಲವನ್ನು ಕಳೆಯುವುದಕ್ಕಾಗಿ ೨೦೦೪-೦೫ರಿಂದ ಸೂತ್ರವನ್ನು ತಿದ್ದಿ, ಸ್ವಂತ ಊರಿನ ಗೆಲುವನ್ನು ೦.೬ ಎಂದೂ ಪರಸ್ಥಳದ ಗೆಲುವನ್ನು ೧.೪ ಎಂದೂ ಎಣಿಸಿದರು. ೨೦೧೮ರಲ್ಲಿ ಹಳೆಯ ಸೂತ್ರವನ್ನೇ ಕೈಬಿಟ್ಟು ‘ನೆಟ್’ ಎಂಬ ಹೊಸದನ್ನು ತಂದರು. ಚೆಂಡು ಒಂದೊಂದು ಸಲ ಕೈಗೆ ಬಂದಾಗಲೂ ತಂಡ ಗಳಿಸಿದ ಅಂಕವೆಷ್ಟು, ಬಿಟ್ಟುಕೊಟ್ಟ ಅಂಕವೆಷ್ಟು ಎಂಬುದನ್ನು, ಎದುರಾಳಿಯ ಬಲಕ್ಕೂ ಸ್ಥಳಕ್ಕೂ ತಕ್ಕಂತೆ ಸರಿಪಡಿಸಿ, ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ಅಂಕದ ಗೆಲುವಿಗೂ ಮೂವತ್ತು ಅಂಕದ ಗೆಲುವಿಗೂ ಭೇದವಿರುವುದರಿಂದ ಒಂದೊಂದು ಪಂದ್ಯವೂ ಹೆಚ್ಚು ಸುದ್ದಿ ಹೇಳುತ್ತದೆ. ಹಳೆಯದಕ್ಕಿಂತ ಇದು ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ ಆಯ್ಕೆಯ ಸಮಿತಿ ಬರಿಯ ಸ್ಥಾನವನ್ನು ನೋಡುವುದಿಲ್ಲ. ಉತ್ತಮ ತಂಡಗಳ ಮೇಲೆ ಎಷ್ಟು ಗೆಲುವು ಎಂದು ಬೇರೆಯಾಗಿ ಎಣಿಸುತ್ತದೆ. ೨೦೨೪ರಲ್ಲಿ ಇಂಡಿಯಾನ ಸ್ಟೇಟ್ ತಂಡವು ಈ ಹೊಸ ಪಟ್ಟಿಯ ಮೊದಲ ಮೂವತ್ತರೊಳಗಿದ್ದೂ ಹೊರಗುಳಿಯಿತು. ಉತ್ತಮರೊಡನೆ ಆಡುವ ಅವಕಾಶವೇ ಇಲ್ಲದವನನ್ನು ಉತ್ತಮರನ್ನೆಷ್ಟು ಗೆದ್ದೆ ಎಂದು ಕೇಳುವುದು ನಮಗೆ ಸರಿಯೆನಿಸುವುದಿಲ್ಲ.

ನಮ್ಮ ದೇಶದಲ್ಲಿ ಇದೇ ತೊಡಕನ್ನು ಬೇರೆ ದಾರಿಯಿಂದ ಬಿಡಿಸಿದ್ದಾರೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ನಡೆಸುವ ಬ್ಯಾಸ್ಕೆಟ್‌ಬಾಲ್ ಸ್ಪರ್ಧೆಯಲ್ಲಿ ಮತದಾನವೂ ಇಲ್ಲ, ಸೂಚ್ಯಂಕವೂ ಇಲ್ಲ. ದೇಶವನ್ನು ವಲಯಗಳಾಗಿ ಹಂಚಿ, ಮೊದಲು ವಲಯದೊಳಗೆ ಸೋತವರು ಹೊರಬೀಳುವ ಪಂದ್ಯಗಳು. ಉಳಿದ ನಾಲ್ವರೊಳಗೆ ಎಲ್ಲರೂ ಎಲ್ಲರೊಡನೆ ಆಟ. ಆಮೇಲೆ ಎಲ್ಲ ವಲಯಗಳಿಂದಲೂ ಗೆದ್ದುಬಂದವರ ಅಂತರವಲಯ ಸ್ಪರ್ಧೆ. ಪ್ರತಿ ವಲಯಕ್ಕೂ ಸಮಾನ ಸ್ಥಾನಗಳಿರುವುದರಿಂದ ಸಣ್ಣವರಿಗೂ ಬಾಗಿಲು ತೆರೆದಿರುತ್ತದೆ. ಆದರೆ ಬಲವಾದ ವಲಯದ ಐದನೆಯ ತಂಡವು ದುರ್ಬಲ ವಲಯದ ಮೊದಲನೆಯದಕ್ಕಿಂತ ಮೇಲಾಗಿದ್ದರೂ ಮನೆಗೆ ಹೋಗಬೇಕು. ಇನ್ನೊಂದು ಸಂಗತಿಯೂ ಗಮನಿಸತಕ್ಕದ್ದು. ಅಮೆರಿಕದಲ್ಲಿ ಕಾಲೇಜೇ ರಾಷ್ಟ್ರದ ಪಟ್ಟಿಗೆ ಏರುತ್ತದೆ. ನಮ್ಮಲ್ಲಿ ಏರುವುದು ವಿಶ್ವವಿದ್ಯಾಲಯ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಗದಗ ಜಿಲ್ಲೆಯ ಕಾಲೇಜೊಂದರ ತಂಡ ಎಷ್ಟೇ ಚೆನ್ನಾಗಿ ಆಡಿದರೂ ಮುಂದಕ್ಕೆ ಹೋಗುವವರು ಅದರಿಂದ ಆಯ್ಕೆಯಾದ ಒಬ್ಬಿಬ್ಬರು ಆಟಗಾರರು. ಅವರಿಗೆ ಅಂತರಕಾಲೇಜು ಪಂದ್ಯಗಳೇ ಸೇತುವೆ.

ಕ್ರಿಕೆಟಿನ ರಣಜಿ ಟ್ರೋಫಿಯಲ್ಲಿ ಎರಡೂ ದಾರಿಗಳನ್ನು ಪರೀಕ್ಷಿಸಿ ನೋಡಿದ್ದಾರೆ. ಬಹುಕಾಲ ವಲಯಗಳ ಪದ್ಧತಿಯಿತ್ತು. ೧೯೫೮-೫೯ರಿಂದ ೧೯೭೨-೭೩ರವರೆಗೆ ಹದಿನೈದು ವರ್ಷ ಬಿಡದೆ ಗೆದ್ದ ಮುಂಬಯಿಯನ್ನು ೧೯೭೩-೭೪ರ ಉಪಾಂತ್ಯದಲ್ಲಿ ಬೆಂಗಳೂರಿನಲ್ಲಿ ಸೋಲಿಸಿ, ಕರ್ನಾಟಕವು ಮೊದಲ ಬಾರಿಗೆ ಪ್ರಶಸ್ತಿ ತಂದಿತು. ೨೦೦೨-೦೩ರಲ್ಲಿ ವಲಯಗಳು ಹೋಗಿ, ತಂಡಗಳು ಎಲೀಟ್, ಪ್ಲೇಟ್ ಎಂದು ಮೇಲುಕೀಳಾದವು. ಕೆಳಗಿನ ಪಂಕ್ತಿಯವರು ಪ್ರಶಸ್ತಿಗೆ ತಕ್ಕವರಲ್ಲವೆಂಬ ನಂಬಿಕೆಯನ್ನು ೨೦೧೦-೧೧ರಲ್ಲಿ ರಾಜಸ್ಥಾನವು ಮುರಿಯಿತು. ಆ ವರ್ಷ ಪ್ಲೇಟ್ ಗುಂಪಿನಿಂದ ಮೇಲಕ್ಕೆ ಬಂದು ಟ್ರೋಫಿಯನ್ನೇ ಗೆದ್ದಿತು. ವರ್ಷಗಟ್ಟಲೆ ಪ್ಲೇಟ್ ಗುಂಪಿನಲ್ಲಿದ್ದ ವಿದರ್ಭವು ೨೦೧೭-೧೮ರ ಉಪಾಂತ್ಯದಲ್ಲಿ ನಮ್ಮ ಕರ್ನಾಟಕವನ್ನೇ ಐದು ರನ್ನುಗಳಿಂದ ಸೋಲಿಸಿ ಮುಂದೆ ಪ್ರಶಸ್ತಿ ಪಡೆಯಿತು. ಮೇಲಿನವರೊಡನೆ ಆಡಲು ಬಾಗಿಲು ತೆರೆದಿದ್ದುದರಿಂದಲೇ ಈ ಸಂಗತಿಗಳು ಬೆಳಕಿಗೆ ಬಂದವು. ಒಬ್ಬ ಆಟಗಾರನ ವಿಷಯವೂ ಹೀಗೆಯೇ. ಗದಗಿನಲ್ಲಿ ೧೯೭೦ರಲ್ಲಿ ಹುಟ್ಟಿದ ಸುನಿಲ ಜೋಶಿಯವರು ೧೯೯೫-೯೬ರ ರಣಜಿ ಋತುವಿನಲ್ಲಿ ಐನೂರಕ್ಕೂ ಹೆಚ್ಚು ರನ್ನುಗಳನ್ನೂ ಐವತ್ತಕ್ಕೂ ಹೆಚ್ಚು ವಿಕೆಟ್ಟುಗಳನ್ನೂ ಗಳಿಸಿ, ೧೯೯೬ರಲ್ಲಿ ಭಾರತ ತಂಡವನ್ನು ಸೇರಿದರು. ೧೯೯೯ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರು ರನ್ನು ಕೊಟ್ಟು ಐದು ವಿಕೆಟ್ ಪಡೆದರು. ಆ ಎಸೆತಗಾರನ ಕೈ ಊರಿನ ಮೈದಾನಗಳಲ್ಲಿಯೇ ತಿರುಗುತ್ತಿದ್ದರೆ ಅದರ ಬೆಲೆಯನ್ನು ಯಾವ ಸೂತ್ರವೂ ಕಂಡುಹಿಡಿಯುತ್ತಿರಲಿಲ್ಲ.

ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಮಾಡಿನೋಡಬಹುದು. ಈ ಸಲ ಒಂದೇ ಒಂದು ಫಲಿತಾಂಶವನ್ನು ಬದಲಿಸಿರಿ: ಲಕ್ಷ್ಮೇಶ್ವರವು ಹುಬ್ಬಳ್ಳಿಗೆ ಸೋಲದೆ ಅದನ್ನು ಗೆದ್ದಿತೆಂದು ಇಟ್ಟುಕೊಳ್ಳಿರಿ. ಲಕ್ಷ್ಮೇಶ್ವರಕ್ಕೆ ಈಗ ಮೂರು ಗೆಲುವು, ನಾಲ್ಕು ಸೋಲು, ಹುಬ್ಬಳ್ಳಿಗೂ ಅಷ್ಟೇ. ಬೆಟಗೇರಿ ಆಡಿದ ಪಂದ್ಯಗಳಲ್ಲಿ ಒಂದೂ ಬದಲಾಗಿಲ್ಲ. ಅದರ ಎದುರಾಳಿಗಳ ಪ್ರಮಾಣ ೦.೪೧೪ರಿಂದ ೦.೪೭೧ಕ್ಕೆ, ಎದುರಾಳಿಗಳ ಎದುರಾಳಿಗಳ ಪ್ರಮಾಣ ೦.೪೯೮ರಿಂದ ೦.೫೨೨ಕ್ಕೆ ಏರುತ್ತವೆ, ಸೂಚ್ಯಂಕ ೦.೫೮೨ರಿಂದ ೦.೬೧೬ ಆಗುತ್ತದೆ. ಶಿರಹಟ್ಟಿಯೂ ಮುಂಡರಗಿಯೂ ತಮ್ಮ ತಮ್ಮ ಸೇತುವೆಯ ಪಂದ್ಯಗಳನ್ನು ಗೆದ್ದಿದ್ದರೆ ಅದು ಎಷ್ಟಾಗುತ್ತಿತ್ತೆಂಬುದನ್ನು ನೀವೇ ಎಣಿಸಿರಿ.