ಒಂದು ಕೀಲಿಗೆ ಇಬ್ಬರು ಯಜಮಾನರು



ಈ ಪತ್ರಿಕೆಯಲ್ಲಿ ಇದುವರೆಗೆ ನಾನು ಬೀಜೋಪಚಾರ, ಕಾಂಪೋಸ್ಟ್ ಗುಂಡಿ, ಮಣ್ಣಿನ ಪರೀಕ್ಷೆ ಮುಂತಾದ ವಿಷಯಗಳನ್ನು ಬರೆದಿದ್ದೇನೆ. ಈ ಸಲ ಗಣಕಯಂತ್ರದ ಕೀಲಿಮಣೆಯ ವಿಷಯ ಬರೆಯುತ್ತಿರುವುದನ್ನು ಕಂಡು ಕೆಲವರು ನಗಬಹುದು. ನಾನು ಓದಿದ್ದು ಕೃಷಿ ಡಿಪ್ಲೊಮಾ. ಗಣಕಯಂತ್ರವನ್ನು ಕೆಡಿಸಿ, ಸರಿಮಾಡಿ, ಮತ್ತೆ ಕೆಡಿಸಿ ಕಲಿತವನು. ಆದರೆ ಹಾಲಿನ ಬಟವಾಡೆ, ಸಹಕಾರ ಸಂಘದ ಸಾಲದ ಲೆಕ್ಕ, ಸ್ವಸಹಾಯ ಗುಂಪಿನ ಉಳಿತಾಯ ಎಲ್ಲವೂ ಈಗ ಆ ಯಂತ್ರದ ಮೂಲಕವೇ ಹಾದು ಬರಬೇಕು. ಅದರ ಮುಂದೆ ಕುಳಿತು ದುಡಿಯುವವರು ನಮ್ಮ ನಿಮ್ಮ ಮನೆಯ ಮಕ್ಕಳೇ. ಅದು ನಿಂತ ದಿನ ನಿಲ್ಲುವುದು ನಮ್ಮ ಹಣ. ಆದುದರಿಂದ ಈ ಪಾಠ.

ಕಳೆದ ಮಳೆಗಾಲದಲ್ಲಿ ನನ್ನ ವಲಯದ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಿಂದ ಕರೆ ಬಂತು. ಬಟವಾಡೆಯ ಪಟ್ಟಿ ಮಾರನೆಯ ದಿನ ಬ್ಯಾಂಕಿಗೆ ಹೋಗಬೇಕು. ಲೆಕ್ಕ ಬರೆಯುವ ಹುಡುಗಿ ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು. “ಅಣ್ಣಾ, ಕೀಲಿಮಣೆ ಸತ್ತುಹೋಗಿದೆ, ಎಷ್ಟು ಹೊಡೆದರೂ ಒಂದು ಅಕ್ಷರ ಬೀಳುತ್ತಿಲ್ಲ” ಎಂದಳು. ಅಷ್ಟರಲ್ಲಿ ಸಂಘದವರು ಪೇಟೆಗೆ ಆಳು ಕಳಿಸಿ, 600 ರೂಪಾಯಿ ಕೊಟ್ಟು ಹೊಸ ಕೀಲಿಮಣೆ ತರಿಸಿ ಜೋಡಿಸಿದ್ದರು. ಅದೂ ಸತ್ತಿತ್ತು. “ಹೊಸದಕ್ಕೂ ಅದೇ ಬಂತಲ್ಲಪ್ಪಾ, ಇದೇನು ಕಾಲುಬಾಯಿ ರೋಗವೇ?” ಎಂದು ಹಿರಿಯ ನಿರ್ದೇಶಕರೊಬ್ಬರು ಕೇಳಿದರು.

ನಾನು ಕುಳಿತು ಒಂದು ಕೀಲಿಯನ್ನು ಥಟ್ಟನೆ ಒತ್ತಿ ಬಿಟ್ಟೆ. ಏನೂ ಇಲ್ಲ. ಅದೇ ಕೀಲಿಯನ್ನು ಒತ್ತಿ ಹಿಡಿದೆ. ಒಂದು ಕ್ಷಣ ಕಳೆದು ಅಕ್ಷರ ಬಿತ್ತು. ಹಾಗಾದರೆ ಕೀಲಿಮಣೆ ಸತ್ತಿಲ್ಲ. ಕೀಲಿಮಣೆಗೂ ಲೆಕ್ಕದ ಹಾಳೆಗೂ ನಡುವೆ ಯಾರೋ ನಿಂತು, ಬೇಗ ಬಂದವರನ್ನೆಲ್ಲ ಹಿಂದಕ್ಕೆ ಕಳಿಸುತ್ತಿದ್ದಾರೆ.

ಆ ನಡುವಿನವನು ಯಾರೆಂದು ತಿಳಿಯಲು ನಮ್ಮ ಕೆರೆಯ ನೀರುಗಂಟಿಯನ್ನು ನೆನೆಯಿರಿ. ತೂಬಿನಿಂದ ಹೊರಟ ನೀರು ಯಾವ ಕಾಲುವೆಗೆ ಹೋಗಬೇಕೆಂಬುದು ಅವನ ಕೈಯಲ್ಲಿದೆ. ಅವನು ಬಿಟ್ಟರೆ ಗದ್ದೆಗೆ ನೀರು, ತಿರುಗಿಸಿಕೊಂಡರೆ ಇಲ್ಲ. ಗಣಕಯಂತ್ರದಲ್ಲಿಯೂ ಅಂಥ ನೀರುಗಂಟಿಯೊಬ್ಬನಿದ್ದಾನೆ. ಅವನಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ನಮ್ಮ ಕಡೆಯ ಬಹುಪಾಲು ಸಂಘಗಳಲ್ಲಿ ನಾನು ಕಂಡದ್ದು ವಿಂಡೋಸ್. ಲೆಕ್ಕದ ತಂತ್ರಾಂಶ, ಪತ್ರ ಬರೆಯುವ ತಂತ್ರಾಂಶ ಇವೆಲ್ಲ ಕೆಳಗಿನ ಗದ್ದೆಗಳು. ನೀವು ಒತ್ತಿದ ಕೀಲಿ ಮೊದಲು ಹೋಗುವುದು ನೀರುಗಂಟಿಯ ಬಳಿಗೆ. ಕೆಲವು ಕೀಲಿಗಳನ್ನು, ಕೀಲಿಗಳ ಜೋಡಿಗಳನ್ನು ಅವನು ತನ್ನ ಕೆಲಸಕ್ಕೆಂದು ಮೊದಲೇ ಗುರುತುಮಾಡಿ ಇಟ್ಟುಕೊಂಡಿದ್ದಾನೆ. ಅವನ್ನು ಶಾರ್ಟ್‌ಕಟ್ ಎನ್ನುತ್ತಾರೆ. ಕೆಳಗಿನ ತಂತ್ರಾಂಶವೂ ಅದೇ ಜೋಡಿಯನ್ನು ತನ್ನ ಕೆಲಸಕ್ಕೆ ಬಯಸಿದರೆ ಒಂದು ಕೀಲಿಗೆ ಇಬ್ಬರು ಯಜಮಾನರಾದಂತಾಯಿತು. ಆಗ ಸಾಮಾನ್ಯವಾಗಿ ಗೆಲ್ಲುವವನು ಮೇಲಿನವನೇ.

ಆ ಹುಡುಗಿಗೆ ಆದದ್ದು ಇಷ್ಟು. ಅವಳು ಕನ್ನಡ ಹೊಡೆಯುತ್ತಿದ್ದುದು ನುಡಿ ತಂತ್ರಾಂಶದಲ್ಲಿ. ಅದರ ಕೀಲಿಮಣೆ ವಿನ್ಯಾಸಕ್ಕೆ ಕೆ. ಪಿ. ರಾವ್ ಅವರ ವಿನ್ಯಾಸವೇ ಆಧಾರ. ಅದರಲ್ಲಿ ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಕೀಲಿ ಒತ್ತಬೇಕು. ‘ಹಾಲು’ ಎಂದು ಹೊಡೆಯಲು ಒಮ್ಮೆ ಶಿಫ್ಟ್, ‘ಖಾತೆ’ ಎಂದು ಹೊಡೆಯಲು ಎರಡು ಸಲ. ಕೈ ಪಳಗಿದವರು ತಟತಟನೆ ಹೊಡೆದು ಮುಗಿಸುತ್ತಾರೆ. ಹೊಸಬರು ಬಲಗಡೆಯ ಶಿಫ್ಟನ್ನು ಕಿರುಬೆರಳಿನಿಂದ ಒತ್ತಿ ಹಿಡಿದುಕೊಂಡು, ಅಕ್ಷರ ಎಲ್ಲಿದೆಯೆಂದು ಮಣೆಯ ಮೇಲೆಲ್ಲ ಹುಡುಕುತ್ತಾರೆ. ಬಲ ಶಿಫ್ಟನ್ನು 8 ಸೆಕೆಂಡು ಹಿಡಿದರೆ ‘ಫಿಲ್ಟರ್ ಕೀಸ್’ ಬೇಕೇ ಎಂದು ವಿಂಡೋಸ್ ಕೇಳುತ್ತದೆ. ಇವಳು ಅವಸರದಲ್ಲಿ ಹೌದು ಎಂದು ಒತ್ತಿದ್ದಾಳೆ. ಅಂದಿನಿಂದ ಥಟ್ಟನೆ ಒತ್ತಿದ ಕೀಲಿಗಳು ಲೆಕ್ಕಕ್ಕೆ ಬಾರದಂತಾದವು. ಹೊಸ ಕೀಲಿಮಣೆ ತಂದರೆ ಏನು ಫಲ? ನೀರುಗಂಟಿ ಬದಲಾಗಲಿಲ್ಲವಲ್ಲ. ಬಲ ಶಿಫ್ಟನ್ನು ಮತ್ತೆ 8 ಸೆಕೆಂಡು ಹಿಡಿದೆ, ರೋಗ ಹೋಯಿತು. ಪಟ್ಟಿ ಅಂದೇ ರಾತ್ರಿ ಮುಗಿಯಿತು.

ಇದಕ್ಕೆ ಒಬ್ಬ ಸೋದರನಿದ್ದಾನೆ, ‘ಸ್ಟಿಕಿ ಕೀಸ್’. ನಡುವೆ ಬೇರೆ ಕೀಲಿ ಒತ್ತದೆ ಶಿಫ್ಟನ್ನು 5 ಸಲ ಒತ್ತಿದರೆ ಅದು ತಲೆಯೆತ್ತುತ್ತದೆ. ಒತ್ತುವುದು, ಅನುಮಾನಿಸುವುದು, ಬಿಡುವುದು, ಮತ್ತೆ ಒತ್ತುವುದು ಕಲಿಯುವವರ ಅಭ್ಯಾಸವಾದ್ದರಿಂದ ಇದೂ ಆಗಾಗ ಕಾಣಿಸಿಕೊಳ್ಳುತ್ತದೆ.

ಇವೆರಡರ ಶಾರ್ಟ್‌ಕಟ್ಟನ್ನು ನಿಲ್ಲಿಸುವ ಕ್ರಮ ಹೀಗಿದೆ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್ ತೆರೆದು, ಆಕ್ಸೆಸಿಬಿಲಿಟಿ ಎಂಬುದರೊಳಗೆ ಕೀಬೋರ್ಡ್ ಎಂಬಲ್ಲಿಗೆ ಹೋಗಿ. ವಿಂಡೋಸ್ 10 ಆದರೆ ಆಕ್ಸೆಸಿಬಿಲಿಟಿಯ ಬದಲು ಈಸ್ ಆಫ್ ಆಕ್ಸೆಸ್ ಎಂದಿರುತ್ತದೆ. ಅಲ್ಲಿ ಸ್ಟಿಕಿ ಕೀಸ್, ಫಿಲ್ಟರ್ ಕೀಸ್ ಎರಡೂ ಕಾಣುತ್ತವೆ. ಒಂದೊಂದರಲ್ಲೂ ಎರಡು ಬೇರೆ ಬೇರೆ ಗುಂಡಿಗಳಿರುವುದನ್ನು ಗಮನಿಸಬೇಕು. ಒಂದು, ಆ ಸೌಲಭ್ಯವನ್ನೇ ನಡೆಸುವ ಗುಂಡಿ. ಇನ್ನೊಂದು, ಕೀಲಿಮಣೆಯಿಂದ ಅದನ್ನು ಎಬ್ಬಿಸುವ ಶಾರ್ಟ್‌ಕಟ್ಟಿನ ಗುಂಡಿ. ಕೇವಲ ಮೊದಲನೆಯದನ್ನು ಆರಿಸಿ ಎದ್ದುಬಂದರೆ ನಾಳೆ ಮತ್ತೆ ಅದೇ ಕಥೆ. ಕಳೆಯ ತಲೆ ಕೊಯ್ದು ಬೇರು ಬಿಟ್ಟಂತೆ. ಆರಿಸತಕ್ಕದ್ದು ಎರಡನೆಯದನ್ನು. ಫಿಲ್ಟರ್ ಕೀಸ್ ನಡೆಯುತ್ತಿರುವಾಗ ಕೀಲಿಮಣೆ ಮಾತು ಕೇಳದ ಕಾರಣ, ಈ ಕೆಲಸವನ್ನು ಮೌಸಿನಿಂದಲೇ ಮಾಡಿರಿ.

ಇಲ್ಲಿಯವರೆಗೆ ಓದಿ, ಇಂಥ ಪೀಡೆಯನ್ನು ಯಂತ್ರದಲ್ಲಿ ಇಟ್ಟದ್ದಾದರೂ ಏಕೆ ಎಂದು ನೀವು ಕೇಳುವಿರಿ. ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆಯ ಫಲವನ್ನು ಹೇಳದೆ ಮುಂದಕ್ಕೆ ಹೋಗುವುದು ನ್ಯಾಯವಲ್ಲ.

ಹಾಲಿನ ಸಂಘದಲ್ಲಿ ಹೊಗಳಿಸಿಕೊಂಡ ಹುರುಪಿನಲ್ಲಿ, ಒಂದು ಊರಿನ ಗ್ರಂಥಾಲಯದಲ್ಲಿದ್ದ ಮೂರು ಯಂತ್ರಗಳಲ್ಲಿಯೂ ಈ ಶಾರ್ಟ್‌ಕಟ್ಟುಗಳನ್ನು ನಾನೇ ಮುಚ್ಚಿ ಬಂದೆ. ಯಾರನ್ನೂ ಕೇಳಲಿಲ್ಲ. ಆ ಊರಿನ ಒಬ್ಬ ಯುವಕನಿಗೆ ಮೇವು ಕತ್ತರಿಸುವ ಯಂತ್ರದಲ್ಲಿ ಎಡಗೈ ಹೋಗಿದೆ. ಅವನು ಬಲಗೈ ಒಂದರಿಂದಲೇ ಗಣಕಯಂತ್ರ ನಡೆಸುತ್ತಾನೆ. ಮಿಂಚಂಚೆಯ ವಿಳಾಸದಲ್ಲಿ ಬರುವ ‘@’ ಗುರುತು ಹೊಡೆಯಬೇಕಾದರೆ ಶಿಫ್ಟನ್ನೂ 2ರ ಕೀಲಿಯನ್ನೂ ಒಟ್ಟಿಗೆ ಒತ್ತಬೇಕು. ಒಂದು ಕೈಗೆ ಅದು ಕಷ್ಟ. ಸ್ಟಿಕಿ ಕೀಸ್ ಇದ್ದರೆ ಮೊದಲು ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ 2 ಒತ್ತಿದರೂ ಸಾಕು. ಅವನು ಎಂದಿನಂತೆ ಬಂದು ಕುಳಿತು ಶಿಫ್ಟನ್ನು 5 ಸಲ ಒತ್ತಿದ್ದಾನೆ. ಏನೂ ಬರಲಿಲ್ಲ. ಮೂರೂ ಯಂತ್ರಗಳಲ್ಲಿ ನೋಡಿ ಸುಮ್ಮನೆ ಎದ್ದುಹೋಗಿದ್ದಾನೆ. ಹತ್ತು ದಿನ ಕಳೆದು ದಾರಿಯಲ್ಲಿ ಸಿಕ್ಕಿದಾಗ, “ಸಾರ್, ಅಲ್ಲಿಯ ಯಂತ್ರಗಳು ಕೆಟ್ಟಿವೆ, ನೀವು ಒಂದು ಮಾತು ಹೇಳಿದರೆ ಸರಿಮಾಡಿಸುತ್ತಾರೆ” ಎಂದು ನನಗೇ ಹೇಳಿದ. ಕೆಲಸಕ್ಕೆ ಅರ್ಜಿ ಹಾಕಲು ಬಂದಿದ್ದನಂತೆ. ಕೊನೆಯ ದಿನ ಕಳೆದುಹೋಗಿತ್ತು.

ಕೆಡಿಸಿದವನು ನಾನೇ ಎಂದು ಅವನಿಗೆ ಹೇಳಿದೆ. ಅವನು ನಕ್ಕುಬಿಟ್ಟ. ನನಗೆ ನಗಲಾಗಲಿಲ್ಲ.

ಈ ಸೌಲಭ್ಯಗಳು ಹುಟ್ಟಿದ್ದೇ ಅಂಥವರಿಗಾಗಿ. ಒಂದೇ ಕೈ ಇದ್ದವರಿಗೆ ಸ್ಟಿಕಿ ಕೀಸ್, ಕೈ ನಡುಗುವವರಿಗೆ ಫಿಲ್ಟರ್ ಕೀಸ್. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದವರು ಇಂಥವನ್ನು ರೂಪಿಸಿದರು. 1995ರಲ್ಲಿ ಬಂದ ವಿಂಡೋಸ್ 95ರಿಂದ ಅವು ಯಂತ್ರದೊಳಗೇ ಸೇರಿಕೊಂಡು ಬಂದಿವೆ. ಶಿಫ್ಟನ್ನು 5 ಸಲ ಒತ್ತಿದರೆ ಏಳುವಂತೆ ಮಾಡಿರುವುದು, ಬೇರೆಯವರ ನೆರವಿಲ್ಲದೆ, ಸೆಟ್ಟಿಂಗ್ಸ್ ಹುಡುಕದೆ, ಅವರೇ ಎಬ್ಬಿಸಿಕೊಳ್ಳಲೆಂದು.

ಹೀಗಿರುವಲ್ಲಿ ಹತ್ತು ಜನ ಬಳಸುವ ಯಂತ್ರಕ್ಕೆ ಮಾಡಬೇಕಾದದ್ದೇನು? ವಿಂಡೋಸಿನಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಬಳಕೆದಾರ ಖಾತೆ ತೆರೆಯಬಹುದು. ಈ ಏರ್ಪಾಡುಗಳು ಖಾತೆಗೆ ಸೇರಿದವು. ಒಬ್ಬರ ಖಾತೆಯಲ್ಲಿ ಮುಚ್ಚಿದ್ದು ಇನ್ನೊಬ್ಬರ ಖಾತೆಯಲ್ಲಿ ತೆರೆದೇ ಇರುತ್ತದೆ. ಆ ಗ್ರಂಥಾಲಯದಲ್ಲಿ ಈಗ ಹಾಗೆ ಮಾಡಿದೆ. ಒಬ್ಬರೇ ಬಳಸುವ ಸಂಘದ ಯಂತ್ರವಾದರೆ, ಆ ಒಬ್ಬರನ್ನು ಕೇಳಿ ಮುಚ್ಚಬಹುದು.

ಇನ್ನು ಭಾಷೆಯ ಕೀಲಿಯ ತೊಂದರೆ. ವಿಂಡೋಸಿನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಸೇರಿಸಿಕೊಂಡಿದ್ದರೆ ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದಾಗ ಭಾಷೆ ಬದಲಾಗುತ್ತದೆ. ಗೊತ್ತಿದ್ದು ಒತ್ತಿದರೆ ಒಳ್ಳೆಯದೇ. ಆದರೆ ಎಕ್ಸೆಲ್ ಹಾಳೆಯಲ್ಲಿ ಸಾಲುಗಳನ್ನು ಗುಂಪು ಮಾಡಲು ಆಲ್ಟ್, ಶಿಫ್ಟ್, ಬಲ ಬಾಣ ಮೂರನ್ನೂ ಒತ್ತಬೇಕು. ಎರಡು ಒತ್ತಿ ಮೂರನೆಯದಕ್ಕೆ ಬೆರಳು ಹೋಗದೆ ಬಿಟ್ಟರೆ ಭಾಷೆ ಬದಲಾಗಿ ಕುಳಿತಿರುತ್ತದೆ. ಮುಂದಿನ ಕಟ್ಟಿನಲ್ಲಿ ಇಂಗ್ಲಿಷಿನಲ್ಲಿ ಬೀಳಬೇಕಾದ ಬ್ಯಾಂಕಿನ ಐಎಫ್‌ಎಸ್‌ಸಿ ಗುರುತು ಕನ್ನಡ ಅಕ್ಷರಗಳಾಗಿ ಬೀಳುತ್ತದೆ. ನುಡಿಯನ್ನೂ ತೆರೆದಿಟ್ಟು, ಮೇಲೆ ವಿಂಡೋಸಿನ ಕನ್ನಡವೂ ಸೇರಿಕೊಂಡರೆ ಒಂದೇ ಕಾಲುವೆಗೆ ಇಬ್ಬರು ನೀರುಗಂಟಿಗಳು. ಹೊಡೆದದ್ದೊಂದು, ಬಿದ್ದದ್ದೊಂದು. ನುಡಿ ಬಳಸುವವರು ವಿಂಡೋಸಿನ ಭಾಷೆಯನ್ನು ಇಂಗ್ಲಿಷಿನಲ್ಲಿಯೇ ನಿಲ್ಲಿಸಿಕೊಳ್ಳತಕ್ಕದ್ದು.

ಇದನ್ನು ಮುಚ್ಚಲು ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಟೈಮ್ ಅಂಡ್ ಲ್ಯಾಂಗ್ವೇಜ್, ಅದರೊಳಗೆ ಟೈಪಿಂಗ್, ಅಲ್ಲಿ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್, ಕೊನೆಗೆ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್. ವಿಂಡೋಸ್ 10ರಲ್ಲಿ ಟೈಪಿಂಗ್ ಎಂಬುದು ಡಿವೈಸಸ್ ಎಂಬುದರೊಳಗಿದೆ. ತೆರೆದ ಚಿಕ್ಕ ಕಿಟಕಿಯಲ್ಲಿ ಚೇಂಜ್ ಕೀ ಸೀಕ್ವೆನ್ಸ್ ಒತ್ತಿ, ಎರಡು ಕಡೆಯೂ ನಾಟ್ ಅಸೈನ್ಡ್ ಎಂದು ಗುರುತಿಸಿ ಓಕೆ ಕೊಡಿ. ದಾರಿ ಉದ್ದವೇ ಸರಿ, ಆದರೆ ಒಮ್ಮೆ ಹೋಗಿಬಂದರೆ ಸಾಕು. ಭಾಷೆ ಬದಲಿಸಬೇಕಾದಾಗ ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತುವ ದಾರಿ ಹಾಗೆಯೇ ಉಳಿದಿರುತ್ತದೆ.

ಟ್ಯಾಲಿಯಲ್ಲಿ ಲೆಕ್ಕ ಇಡುವ ಸಂಘದವರ ದೂರು ಬೇರೆ. ಅಲ್ಲಿ ಪಾವತಿಗೆ ಎಫ್5, ಜಮೆಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಲ್ಯಾಪ್‌ಟಾಪಿನಲ್ಲಿ ಇವನ್ನು ಒತ್ತಿದರೆ ಪಾವತಿಯ ಹಾಳೆ ಬರುವ ಬದಲು ತೆರೆಯ ಬೆಳಕು ಕುಗ್ಗುತ್ತದೆ, ಇಲ್ಲವೇ ಸದ್ದು ಏರುತ್ತದೆ. ಇದು ವಿಂಡೋಸಿನ ಕೆಲಸವಲ್ಲ. ಅದಕ್ಕೂ ಮೇಲಿನ ತೂಬು, ಯಂತ್ರ ತಯಾರಿಸುವಾಗಲೇ ಇಟ್ಟದ್ದು. ಎಫ್ಎನ್ ಎಂಬ ಕೀಲಿಯನ್ನು ಜೊತೆಯಲ್ಲಿ ಹಿಡಿದು ಒತ್ತಿದರೆ ನಿಜವಾದ ಎಫ್5 ಸಿಗುತ್ತದೆ. ಪ್ರತಿ ಸಲವೂ ಹಿಡಿಯುವುದು ಬೇಸರವಾದರೆ, ಅನೇಕ ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಜೊತೆ ಎಸ್ಕೇಪ್ ಕೀಲಿ ಒತ್ತಿದರೆ ಮೇಲಿನ ಸಾಲು ಎಫ್ ಕೀಲಿಗಳಾಗಿಯೇ ನಿಲ್ಲುತ್ತದೆ. ಎಸ್ಕೇಪ್ ಕೀಲಿಯ ಮೇಲೆ ಚಿಕ್ಕ ಬೀಗದ ಗುರುತಿದ್ದರೆ ಅದೇ.

ತೆರೆ ತಲೆಕೆಳಗಾಯಿತೆಂದು ಹೆದರಿ ಯಂತ್ರವನ್ನೇ ಬೋರಲು ಇಟ್ಟು ಓದುತ್ತಿದ್ದವರನ್ನೂ ಕಂಡಿದ್ದೇನೆ. ಇಂಟೆಲ್ ಗ್ರಾಫಿಕ್ಸ್ ಇರುವ ಕೆಲವು ಹಳೆಯ ಯಂತ್ರಗಳಲ್ಲಿ ಕಂಟ್ರೋಲ್, ಆಲ್ಟ್, ಕೆಳ ಬಾಣ ಒತ್ತಿದರೆ ಹಾಗಾಗುತ್ತದೆ. ಮೇಲು ಬಾಣದೊಡನೆ ಒತ್ತಿದರೆ ನೆಟ್ಟಗಾಗುತ್ತದೆ. ಅಂಥ ಯಂತ್ರಗಳಲ್ಲಿ ತೆರೆಯ ಬರಿಯ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಗ್ರಾಫಿಕ್ಸ್ ಆಪ್ಷನ್ಸ್ ಎಂಬುದರೊಳಗೆ ಹಾಟ್ ಕೀಸ್ ನಿಲ್ಲಿಸಬಹುದು.

ವಿಂಡೋಸ್ ಕೀಲಿಯ ಶಾರ್ಟ್‌ಕಟ್ಟುಗಳು ಅಡ್ಡಬರುವುದು ಅಪರೂಪ. ಬಂದರೆ ಮೈಕ್ರೋಸಾಫ್ಟಿನವರೇ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಎಂಬ ತಂತ್ರಾಂಶದ ಕೀಬೋರ್ಡ್ ಮ್ಯಾನೇಜರಿನಲ್ಲಿ, ಬೇಡವಾದ ಒಂದು ಜೋಡಿಯನ್ನು ಮಾತ್ರ ಆರಿಸಿ ನಿಲ್ಲಿಸಬಹುದು. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರರ ಜೋಡಿಯನ್ನು ಅದರಿಂದಲೂ ನಿಲ್ಲಿಸಲಾಗದು, ನಿಲ್ಲಿಸಬೇಕಾಗಿಯೂ ಇಲ್ಲ. ಯಂತ್ರ ಹಟಹಿಡಿದು ನಿಂತಾಗ ಕಡೆಗೆ ಒದಗುವುದು ಅದೇ. ರಿಜಿಸ್ಟ್ರಿ ಎಂಬ ಒಳಕಡತವನ್ನು ತಿದ್ದಿದರೆ ವಿಂಡೋಸ್ ಕೀಲಿಯ ಬಹುಪಾಲು ಶಾರ್ಟ್‌ಕಟ್ಟುಗಳನ್ನು ಒಂದೇ ಏಟಿಗೆ ಮುಚ್ಚಬಹುದೆಂದು ಪೇಟೆಯ ಹುಡುಗರು ಹೇಳಿಕೊಡುವರು. ಅದು ನಿಜ. ಆದರೆ ಒಂದು ಮಡಿಗೆ ನೀರು ನಿಲ್ಲಿಸಲು ಕೆರೆಯ ತೂಬನ್ನೇ ಕೀಳುವವರುಂಟೇ? ಸಂಘದ ಲೆಕ್ಕವಿರುವ ಯಂತ್ರದಲ್ಲಿ ಅದರ ಗೊಡವೆ ಬೇಡ.

ಏನನ್ನು ಮುಚ್ಚಿದರೂ ಒಂದು ನೋಟು ಪುಸ್ತಕದಲ್ಲಿ ಬರೆದಿಡಿ: ಯಾವ ತಾರೀಖು, ಯಾವ ಶಾರ್ಟ್‌ಕಟ್, ಯಾರಿಗಾಗಿ. ಹಾಲಿನ ಸಂಘದ ಆ ಹುಡುಗಿ ಹಾಗೆ ಬರೆದು ಪುಸ್ತಕವನ್ನು ಯಂತ್ರದ ಪಕ್ಕದಲ್ಲಿಯೇ ದಾರ ಕಟ್ಟಿ ತೂಗುಹಾಕಿದ್ದಾಳೆ. ಅವಳು ರಜೆಯಲ್ಲಿದ್ದಾಗ ಬಂದು ಕುಳಿತವರಿಗೆ ಅದು ಎರಡು ಸಲ ಕೆಲಸಕ್ಕೆ ಬಂದಿದೆ. ಹೊಸ ಕೀಲಿಮಣೆಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಳೆಯದು ಚೆನ್ನಾಗಿಯೇ ನಡೆಯುತ್ತಿರುವುದರಿಂದ ಹೊಸದು ಪೆಟ್ಟಿಗೆಯಲ್ಲಿಯೇ ಇದೆ. ನಿಮ್ಮ ಸಂಘದಲ್ಲಿಯೂ ಕೀಲಿಮಣೆ ‘ಸತ್ತಿದ್ದರೆ’ ಪೇಟೆಗೆ ಆಳು ಕಳಿಸುವ ಮೊದಲು ಬಲ ಶಿಫ್ಟನ್ನು ಒಮ್ಮೆ 8 ಸೆಕೆಂಡು ಹಿಡಿದು ನೋಡಿ. ಆಗಲೂ ಏಳದಿದ್ದರೆ, ನಾನು ನಿಮ್ಮ ಊರಿಗೆ ಬರುವ ಹಿಂದಿನ ದಿನ ಹೇಳಿ ಕಳಿಸಿರಿ.