ಮಂಡಿಯ ಮಾತು, ಚೀಟಿಯ ಮಾತು



ದುಡಿಯುವ ಜಾಗದಲ್ಲಿ ನುಡಿಗಳು ಕೂಡುವುದು ಎರಡು ಬಗೆ. ಒಂದೇ ವಾಕ್ಯದೊಳಗೆ ಬೇರೆ ನುಡಿಯ ಪದ ಸೇರುವುದು ಬೆರಕೆ. ಎದುರಿನವರು ಬದಲಾದಂತೆ ಇಡೀ ಮಾತೇ ಇನ್ನೊಂದು ನುಡಿಗೆ ಹೊರಳುವುದು ಪಲ್ಲಟ. ‘ಲೋಡ್ ಇಳಿಸಿ ಬಿಲ್ ಚೆಕ್ ಮಾಡು’ ಎಂಬಲ್ಲಿ ಮೂರು ಪದ ಇಂಗ್ಲಿಷಿನವು, ಕಟ್ಟು ಮಾತ್ರ ಅಪ್ಪಟ ಕನ್ನಡದ್ದು. ಕನ್ನಡದ ಇಂಥ ಬೆರಕೆ ಯಾವ ಯಾವ ಕೆಲಸಕ್ಕೆ ಒದಗುತ್ತದೆಂದು ಭಾಷಾವಿಜ್ಞಾನಿ ಎಸ್.ಎನ್. ಶ್ರೀಧರ್ 1978ರಲ್ಲೇ ಪ್ರಬಂಧ ಬರೆದರು. ಬೆರಕೆಯನ್ನು ಸೋಮಾರಿತನವೆಂದು ಬಯ್ಯುವುದು ಸುಲಭ, ಆದರೆ ತಪ್ಪು.

ಹಾಸನ ಸೀಮೆಗೆ ನುಡಿಗಳು ಹೀಗೆ ಕೂಡುವುದು ಹೊಸತಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿಯ ಶಾಸನಗಳು ಕನ್ನಡ, ತಮಿಳು, ಮರಾಠಿಗಳಲ್ಲಿವೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಸಂಕೇತಿ ಸಮುದಾಯದವರ ಮನೆಮಾತಿನಲ್ಲಂತೂ ತಮಿಳು, ಕನ್ನಡಗಳನ್ನು ಬಿಡಿಸಿ ಇಡುವುದೇ ಕಷ್ಟ.

ಬಿತ್ತನೆಗೆ ಮುಂಚೆ ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬೀಜದ ಆಲೂಗಡ್ಡೆ ಬರುತ್ತದೆ. ಲಾರಿಯವರೊಡನೆ ಹಿಂದಿ, ಹಮಾಲರೊಡನೆ ಕನ್ನಡ, ಬಿಲ್ಲಿನಲ್ಲಿ ಇಂಗ್ಲಿಷ್: ಮಂಡಿಯಲ್ಲಿ ಇಷ್ಟೂ ಬೇಕು, ಇರಲಿ. ತಳಿ ಕುಫ್ರಿ ಜ್ಯೋತಿಯೋ ಬೇರೆಯೋ, ತೂಕವೆಷ್ಟು, ದರವೆಷ್ಟು ಎಂಬುದು ಮಾತ್ರ ರೈತನಿಗೆ ಬಾಯಲ್ಲೂ ಚೀಟಿಯಲ್ಲೂ ಕನ್ನಡದಲ್ಲೇ ಸಿಗಬೇಕು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಇದು ಇನ್ನೂ ಸ್ಪಷ್ಟ. ಅದನ್ನು ನಡೆಸುವುದು ತಂಬಾಕು ಮಂಡಳಿ. ಎಲೆ ಹದ ಮಾಡುವ ‘ಬ್ಯಾರನ್’, ಎಲೆಯ ಹೊರೆಯಾದ ‘ಬೇಲ್’, ‘ಗ್ರೇಡ್’ ಬೆಳೆಗಾರರ ಸ್ವಂತ ಮಾತೇ ಆಗಿವೆ. ಅವಕ್ಕೆ ಕನ್ನಡ ಹುಡುಕಿ ಹೇಳಿದರೆ ಯಾರಿಗೂ ಅರ್ಥವಾಗದು. ಆದರೆ ಬೇಲನ್ನು ಯಾರೂ ಕೊಳ್ಳದೆ ಅದು ‘ನೋ ಬಿಡ್’ ಆದದ್ದೇಕೆ, ತೇವ ಹೆಚ್ಚಾಯಿತೋ, ಗ್ರೇಡ್ ಬೆರೆಯಿತೋ ಎಂದು ವಿವರಿಸುವಾಗ ಮಂಡಳಿಯ ನೌಕರ ಇಂಗ್ಲಿಷಿಗೆ ಹೊರಳಿದರೆ, ಬೆಳೆಗಾರ ಮುಂದಿನ ಬೇಲನ್ನೂ ಹಾಗೆಯೇ ಕಟ್ಟಿ ತರುತ್ತಾನೆ. ದುಡ್ಡು, ತೂಕ, ಕಾರಣ ಬಂದಲ್ಲಿ ಕೇಳುವವನ ನುಡಿಗೇ ಪಟ್ಟ.

ಈ ಲೆಕ್ಕ ಕನ್ನಡಿಗರಿಗೆ ಮಾತ್ರವಲ್ಲ. ಹಾಸನದ ಜವಳಿ ಕಾರ್ಖಾನೆಗಳಲ್ಲಿ ಹೊರರಾಜ್ಯದವರೂ ದುಡಿಯುತ್ತಾರೆ. ಯಂತ್ರದ ಎಚ್ಚರಿಕೆ ಅವರಿಗೆ ಅವರ ನುಡಿಯಲ್ಲೇ ತಿಳಿಯಬೇಕು.

ಇನ್ನೊಂದು ಬಗೆಯ ಪಲ್ಲಟವಿದೆ, ಅದು ಸೌಜನ್ಯದ ವೇಷದಲ್ಲಿ ಬರುತ್ತದೆ. ಹೊಳೆನರಸೀಪುರದ ಬ್ಯಾಂಕಿಗೆ ವರ್ಗವಾಗಿ ಬಂದ ಹೊರನಾಡಿನ ಅಧಿಕಾರಿ ಅರೆಬರೆ ಕನ್ನಡದಲ್ಲಿ ಕೇಳಿದ್ದಕ್ಕೆ ಪಕ್ಕದ ಮೇಜಿನವರು ಇಂಗ್ಲಿಷಿನಲ್ಲಿ ಉತ್ತರಿಸಿದರೆ, ಆ ಅಧಿಕಾರಿಯ ಕನ್ನಡ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಕನ್ನಡದಲ್ಲೇ, ನಿಧಾನವಾಗಿ, ನಗದೆ ಉತ್ತರಿಸಬೇಕು. ಅವಸರದ ಕೆಲಸವಿದ್ದಾಗ ಮಾತ್ರ ಹೊರಳಬಹುದು.