ಬಿಚ್ಚಿದ ಪ್ಲಗ್ ಬಿಸಾಡಬೇಡಿ

ಮುಳಗುಂದದ ನನ್ನ ಗ್ಯಾರೇಜಿಗೆ ಹೊಸ ಕಾರು ಬರುವುದು ಅಪರೂಪ. ಅವು ಗದಗಕ್ಕೋ ಹುಬ್ಬಳ್ಳಿಗೋ ಶೋರೂಮಿಗೆ ಹೋಗುತ್ತವೆ. ನನ್ನ ಪಾಲಿಗೆ ಉಳಿದಿರುವುದು ಮಾರುತಿ 800, ಓಮ್ನಿ, ವರ್ಷಕ್ಕೆ ಒಂದೆರಡು ಅಂಬಾಸಿಡರ್, ಒಂದೇ ಒಂದು ಪದ್ಮಿನಿ. 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಹಾಗಾಗಿ ನನ್ನ ಮುಂದೆ ನಿಲ್ಲುವ ಅತಿ ಹೊಸ 800ಕ್ಕೂ ಹತ್ತು ವರ್ಷ ದಾಟಿದೆ. ಬಂದವರದು ಒಂದೇ ಮಾತು: “ಮಿಸ್ತ್ರಿ, ಗಾಡಿ ಮಿಸ್ಸಿಂಗ್ ಹೊಡಿಯಾಕತ್ತೈತಿ, ಪ್ಲಗ್ ಹೊಸಾವು ಹಾಕಿಬಿಡ್ರಿ.” ಹತ್ತು ನಿಮಿಷದ ಕೆಲಸ ಎನ್ನುವ ಧಾಟಿ. ಕಲಿಯುವಾಗ ನಾನೂ ಹಾಗೇ ತಿಳಿದಿದ್ದೆ.

1. ಬಿಸಿ ಎಂಜಿನ್‌ಗೆ ಪಾನಾ ಹಾಕಬೇಡಿ

ಈ ಪಾಠಕ್ಕೆ ನಾನು ಕೈಯಿಂದ ದುಡ್ಡು ತೆತ್ತಿದ್ದೇನೆ. ಮೇ ತಿಂಗಳ ಮಧ್ಯಾಹ್ನ, ಲಕ್ಷ್ಮೇಶ್ವರದ ಮದುವೆಗೆ ಹೊರಟಿದ್ದ ಮಾಸ್ತರೊಬ್ಬರು 800 ತಂದು ನಿಲ್ಲಿಸಿದರು. ಬಾನೆಟ್ ಮುಟ್ಟಿದರೆ ಕೈ ಸುಡುತ್ತಿತ್ತು. ಒಂದನೇ ಪ್ಲಗ್ ಬಂತು, ಎರಡನೆಯದು ಅಲುಗಲಿಲ್ಲ. ಟಾಮಿಗೆ ಪೈಪ್ ಸಿಕ್ಕಿಸಿ ಒಂದೇ ಜಗ್ಗು ಜಗ್ಗಿದೆ. ಬಂತು. ಅದರ ತ್ರೆಡ್ಡಿನ ಸಂದಿಯಲ್ಲಿ ಬೆಳ್ಳಿಯ ಎಳೆಯಂತೆ ಮಿನುಗುವ ಸುರುಳಿಯೂ ಬಂತು. ಅದು ಹೆಡ್ಡಿನ ಅಲ್ಯೂಮಿನಿಯಂ. ಪ್ಲಗ್ ಉಕ್ಕು, ಹೆಡ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಮೆತ್ತಗಾಗುತ್ತದೆ, ಜಗಳದಲ್ಲಿ ಸೋಲುವುದು ಅದೇ. ಮಾಸ್ತರು ಬಸ್ಸಿಗೆ ಹೋದರು. ಹೆಡ್ ಬಿಚ್ಚಿ ಗದಗದ ಲೇತ್‌ಗೆ ಒಯ್ದು, ತೂತು ದೊಡ್ಡದು ಮಾಡಿ ಹೆಲಿಕಾಯಿಲ್ ಕೂರಿಸಿಕೊಂಡು ಬರುವಷ್ಟರಲ್ಲಿ ಮೂರು ದಿನ ಹೋದವು. ಅವರ ಹತ್ತಿರ ಪೈಸೆ ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ.

ಈಗ ಎಂಜಿನ್ ಆರುವ ತನಕ ಚಹಾ ತರಿಸುತ್ತೇನೆ. ಬಿಗಿ ಇದ್ದರೆ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕಾಲು ಸುತ್ತು ಬಿಚ್ಚಿ ಮತ್ತೆ ಅಷ್ಟೇ ಬಿಗಿದು, ಹಿಂದೆ ಮುಂದೆ ಆಡಿಸುತ್ತ ತೆಗೆಯುತ್ತೇನೆ. ಹಳೆ ಅಂಬಾಸಿಡರಿನ ಬೀಡು ಕಬ್ಬಿಣದ ಹೆಡ್ ಒರಟು ಕೈಯನ್ನು ತಡೆದುಕೊಳ್ಳುತ್ತಿತ್ತು. ಅದರ ಮೇಲೆ ಕಲಿತವರೇ ಮಾರುತಿ ಹೆಡ್ ಹೆಚ್ಚು ಕೆಡಿಸಿದ್ದು, ನಾನೂ ಸೇರಿ.

2. ಪೂರ್ತಿ ಬಿಚ್ಚುವ ಮೊದಲು ಗಾಳಿ

ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕಪ್ಪು ಧೂಳು ಹಿಟ್ಟಿನಂತೆ ಎಲ್ಲ ಕಡೆ ಕೂರುತ್ತದೆ, ಪ್ಲಗ್ಗಿನ ಬುಡದಲ್ಲಂತೂ ಗೇಣು ಜಾಗ ಬಿಡುವುದಿಲ್ಲ. ಹಾಗೇ ಬಿಚ್ಚಿದರೆ ಅದಷ್ಟೂ ಸಿಲಿಂಡರಿನೊಳಗೆ. ಪ್ಲಗ್ಗನ್ನು ಒಂದು ಸುತ್ತು ಸಡಿಲಿಸಿ, ಗಾಳಿ ಹೊಡೆದು, ಆಮೇಲೆ ಪೂರ್ತಿ ತೆಗೆಯಬೇಕು. ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪು ಸಾಕು. ಒಕ್ಕಲುತನದವರ ಶೆಡ್ಡಿನಲ್ಲಿ ನಿಂತ ಕಾರುಗಳಲ್ಲಿ ಶೇಂಗಾ ಸಿಪ್ಪೆಯೂ ಹಾರಿ ಬರುತ್ತದೆ. ಸಿಪ್ಪೆ ಕಂಡರೆ ಇಲಿ ಇದೆ ಎಂದರ್ಥ; ಪ್ಲಗ್ ವೈರನ್ನು ಉದ್ದಕ್ಕೂ ಬೆರಳಾಡಿಸಿ ನೋಡಿ. ಎಷ್ಟೋ ಸಲ ಮಿಸ್ಸಿಂಗ್ ಅಲ್ಲೇ ಸಿಕ್ಕಿದೆ, ಪ್ಲಗ್ ಮುಟ್ಟುವ ಕೆಲಸವೇ ಬೀಳಲಿಲ್ಲ.

3. ಬಿಚ್ಚಿದ್ದನ್ನು ಸಾಲಾಗಿ ಇಟ್ಟು ಓದಿ

ಹೊಸ ಪ್ಲಗ್ ಅಂಗಡಿಯಲ್ಲಿ ಸಿಗುತ್ತದೆ. ಹಳೆಯದು ಹೇಳುವ ಸುದ್ದಿ ಎಲ್ಲೂ ಸಿಗುವುದಿಲ್ಲ. ಒಂದು, ಎರಡು, ಮೂರು ಎಂದು ಸಿಲಿಂಡರಿನ ಕ್ರಮದಲ್ಲೇ ಬಟ್ಟೆಯ ಮೇಲೆ ಇಡುತ್ತೇನೆ. ತುದಿ ತೆಳು ಕಂದು ಇದ್ದರೆ ಎಂಜಿನ್ ಆರಾಮ. ಮೂರೂ ಒಣ ಮಸಿ ಹಿಡಿದಿದ್ದರೆ ಪ್ಲಗ್ಗಿನ ತಪ್ಪಲ್ಲ, ಪೆಟ್ರೋಲ್ ಹೆಚ್ಚಾಗಿದೆ. ಏರ್ ಫಿಲ್ಟರ್ ಕಟ್ಟಿರಬೇಕು, ಇಲ್ಲವೇ ಚೋಕ್ ಪೂರ್ತಿ ಬಿಡುತ್ತಿಲ್ಲ. ಒಂದೇ ಒಂದು ಪ್ಲಗ್ ಎಣ್ಣೆಯಲ್ಲಿ ನೆನೆದಿದ್ದರೆ ಆ ಸಿಲಿಂಡರಿನ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಅಲ್ಲಿಗೆ ಹೊಸದು ಹಾಕಿದರೂ ತಿಂಗಳಲ್ಲಿ ಅದೇ ಗತಿ.

ವಾರಕ್ಕೊಮ್ಮೆ ಸಂತೆಗೆ ಮಾತ್ರ ಹೊರಡುವ ಕಾರುಗಳಲ್ಲಿ ಮಸಿ ಹೆಚ್ಚು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಎರಡು ಕಿಲೋಮೀಟರ್ ಓಡಿ ನಿಂತ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ಇಂಥವರಿಗೆ ನಾನು ಪ್ಲಗ್ ಮಾರುವುದಿಲ್ಲ. ತಂತಿ ಬ್ರಷ್ಷಿನಿಂದ ಹಗುರಾಗಿ ಉಜ್ಜಿ ಕೊಟ್ಟು, ಗದಗಕ್ಕೊಮ್ಮೆ ಹೋಗಿ ಬರ್ರಿ ಅನ್ನುತ್ತೇನೆ.

ಈಚೆಗೆ ಬಿಳಿ ತುದಿ ಹೆಚ್ಚು ಕಾಣುತ್ತಿದ್ದೇನೆ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್. ಅದರೊಳಗೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳ್ಳಗಾಗಿ ತುದಿ ಬೆಳ್ಳಗಾಗುತ್ತದೆ. ಸೆನ್ಸರ್ ಇರುವ ಎಂಜಿನ್ ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಅಲ್ಲಿ ಪ್ಲಗ್ ಬದಲಿಸಿ ಏನೂ ಆಗದು, ಕಾರ್ಬುರೇಟರ್ ನೋಡಬೇಕು.

4. ಹ್ಯಾಕ್ಸಾ ಬ್ಲೇಡಿನ ಕಾಲ ಮುಗಿಯಿತು

ನಾನು ಕಲಿತ ಉಸ್ತಾದರ ಜೇಬಿನಲ್ಲಿ ಸದಾ ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು. ಪ್ಲಗ್ಗಿನ ಗ್ಯಾಪಿನಲ್ಲಿ ಅದು ತುಸು ಹಿಡಿದು ಜಾರಿದರೆ “ಬರೋಬ್ಬರಿ ಆತು” ಎನ್ನುತ್ತಿದ್ದರು. ಬ್ಲೇಡಿನ ದಪ್ಪ ಸುಮಾರು 0.63 ಮಿ.ಮೀ. ಪಾಯಿಂಟ್ ಇದ್ದ ಅಂಬಾಸಿಡರ್, ಪದ್ಮಿನಿಗೆ ಅದು ಸರಿಹೋಗುತ್ತಿತ್ತು. ಮಾರುತಿ 0.7ರಿಂದ 0.8 ಕೇಳುತ್ತದೆ. ಬ್ಲೇಡಿನ ಅಳತೆಯಲ್ಲಿ ಕೂರಿಸಿದರೆ ಗಾಡಿ ಓಡುತ್ತದೆ, ಆದರೆ ಐಡ್ಲಿಂಗಿನಲ್ಲಿ ನಡುಗುತ್ತದೆ. ಉಸ್ತಾದರ ಮೇಲಿನ ಭಕ್ತಿಗೆ ವರ್ಷಗಟ್ಟಲೆ ಹಾಗೇ ಮಾಡಿ, ನಡುಕಕ್ಕೆ ಎಂಜಿನ್ ಮೌಂಟಿಂಗ್ ಬದಲಿಸುತ್ತ ಕೂತಿದ್ದೆ. ಈಗ ಫೀಲರ್ ಗೇಜ್ ಬಳಸುತ್ತೇನೆ. ಗ್ಯಾಪ್ ಸರಿಮಾಡುವಾಗ ಬಾಗಿಸಬೇಕಾದದ್ದು ಹೊರಗಿನ ಕೊಕ್ಕೆಯನ್ನು ಮಾತ್ರ. ನಡುವಿನ ಕಡ್ಡಿಗೆ ಒತ್ತಡ ಬಿದ್ದರೆ ಒಳಗಿನ ಪಿಂಗಾಣಿ ಬಿರುಕು ಬಿಡುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ.

5. ನಂಬರ್ ನೋಡಿ ಕೊಳ್ಳಿ

ಇಂದಿಗೂ ನಮ್ಮ ಕಡೆ ಪ್ಲಗ್ ಎಂದರೆ “ಮೈಕೋ”. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ 2008ರಲ್ಲೇ ಬಾಷ್ ಆಯಿತು. ಹೆಸರು ಮಾತ್ರ ಗಿರಾಕಿಗಳ ಬಾಯಲ್ಲಿ ಉಳಿದಿದೆ. ಬಾಷ್‌ನಲ್ಲಿ ನಂಬರ್ ಏರಿದಂತೆ ಪ್ಲಗ್ ಬಿಸಿ, ಎನ್‌ಜಿಕೆಯಲ್ಲಿ ಏರಿದಂತೆ ತಂಪು. ಒಂದು ಕಂಪನಿಯ ನಂಬರ್ ಹಿಡಿದು ಇನ್ನೊಂದರದ್ದು ಕೊಂಡರೆ ಎಡವಟ್ಟು ಖಚಿತ.

6. ಕೈಗೆ ಹತ್ತದಿದ್ದರೆ ಪಾನಾ ಮುಟ್ಟಬೇಡಿ

ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ ಬಗ್ಗಿದರೆ ಕೈ ತೂರಿಸಲು ಜಾಗ ಕಡಿಮೆ. ಪೆಟ್ರೋಲ್ ಪೈಪಿನ ಗೇಣುದ್ದ ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ಅದನ್ನೇ ತಿರುಗಿಸುತ್ತೇನೆ. ತ್ರೆಡ್ ಓರೆಯಾದರೆ ರಬ್ಬರ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಕೈಯಲ್ಲೇ ತಳ ಮುಟ್ಟಿದ ಮೇಲೆ ಪಾನಾ: ಹೊಸ ಪ್ಲಗ್ಗಿಗೆ ಅರ್ಧ ಸುತ್ತು, ಸ್ವಲ್ಪ ಹೆಚ್ಚು. ವಾಷರ್ ಒಮ್ಮೆ ಒತ್ತಿಹೋದ ಹಳೆಯದಕ್ಕೆ ಕಾಲು ಸುತ್ತಿಗಿಂತ ಕಡಿಮೆ.

7. ವೈರ್ ಒಂದೊಂದೇ ಬಿಚ್ಚಿ

ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ 800ಕ್ಕೆ 1-3-2, ಅಂಬಾಸಿಡರ್, ಪದ್ಮಿನಿಗೆ 1-3-4-2. ಬಾಯಿಪಾಠ ಇದ್ದರೂ ನಾನು ಎಲ್ಲ ವೈರ್ ಒಟ್ಟಿಗೆ ಕೀಳುವುದಿಲ್ಲ. ಗಿರಾಕಿ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ.

ಕೊನೆಗೆ ಕಾರಿನವರಲ್ಲಿ ಒಂದು ಕೋರಿಕೆ. ಯಾವ ಗ್ಯಾರೇಜಿನಲ್ಲಿ ಪ್ಲಗ್ ಹಾಕಿಸಿದರೂ ಹಳೆಯವನ್ನು ಕೇಳಿ ಪಡೆಯಿರಿ, ಯಾವುದು ಎಷ್ಟನೇ ಸಿಲಿಂಡರಿನದು ಎಂದು ಬರೆಸಿಕೊಳ್ಳಿ. ಮುಂದಿನ ಸಲ ನನ್ನ ಹತ್ತಿರ ಬರುವಾಗ ಆ ಪುಡಿಕೆ ತನ್ನಿ.